ಕೊನೆಯ ಚಿತ್ರದಲ್ಲಿ ಇಲ್ಲದ ಹುಡುಗ

"ಯಾಕೆ ಸಾಯಿಸಿದೆ ಅವನನ್ನ?"

ಬಾಗಿಲು ತಳ್ಳಿಕೊಂಡು ಒಳಗೆ ಬಂದವನ ಮೊದಲ ಮಾತೇ ಅದು. ಹೇಗಿದ್ದೀಯ ಎಂದಿಲ್ಲ, ಎಷ್ಟು ದಿನವಾಯಿತು ನೋಡಿ ಎಂದಿಲ್ಲ!

ಗಿಣಿಗೆ ಕುರ್ಚಿಯಿಂದ ಏಳಲೂ ಆಗಲಿಲ್ಲ. ಎಷ್ಟು ತಿಂಗಳಾದ ಮೇಲೆ ನೋಡುತ್ತಿದ್ದಾಳೆ ಈ ಮುಖವನ್ನು! ಗಡ್ಡ ಬೆಳೆದಿದೆ, ಕಣ್ಣು ಒಳಗೆ ಹೋಗಿದೆ. ಬಲಗೈಯನ್ನು ಕೋಟಿನ ಜೇಬಿನಿಂದ ಹೊರಗೇ ತೆಗೆದಿಲ್ಲ.

"ನಿನ್ನನ್ನೇ ಕೇಳ್ತಿರೋದು. ಇಷ್ಟು ವರ್ಷ ಜೊತೆಗಿದ್ದವನು... ಒಂದೇ ಪುಟದಲ್ಲಿ ಮುಗಿಸಿಬಿಟ್ಟೆಯಲ್ಲ! ಮನಸ್ಸಾದ್ರೂ ಹೇಗೆ ಬಂತು?"

ಪಕ್ಕದ ಮೇಜಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ, ಈ ಪುಟ್ಟ ಪ್ರಕಾಶನವನ್ನು ನಡೆಸುವ ಗಿಣಿಯ ಚಿಕ್ಕಮ್ಮ ಫೋನನ್ನು ಎದೆಗೆ ಒತ್ತಿಕೊಂಡು ಗದರಿದಳು. "ಮೆಲ್ಲಗೆ ಮಾತಾಡ್ರೋ! ಕೆಳಗಿನ ಅಂಗಡಿಯವರು ಪೊಲೀಸರನ್ನ ಕರೀತಾರೆ ಅಷ್ಟೇ."

ಗಾಬರಿಯಾಗಬೇಡಿ. ಇಲ್ಲಿ ಯಾರೂ ಯಾರನ್ನೂ ಕೊಂದಿಲ್ಲ. ಸತ್ತವನ ಹೆಸರು ಮಬ್ಬು, ಅವನು ಬದುಕಿದ್ದೇ ಪುಸ್ತಕದೊಳಗೆ. 'ಅರ್ಧ ನೆರಳಿನ ನಾಡು' ಎಂಬ ಸರಣಿಯನ್ನು ಬರೆಯುವವಳು ಗಿಣಿ, ಅದಕ್ಕೆ ಚಿತ್ರ ಬರೆಯುವವನು ಈ ಗಡ್ಡದವನು. ಶಾಲೆಯಲ್ಲಿ ಬಾಯಿ ಮುಚ್ಚದೆ ಹರಟುತ್ತಿದ್ದವಳಿಗೆ ಗಿಣಿ ಎಂದು ಹೆಸರಿಟ್ಟವನು ಇವನೇ. ಅಂಗಿಯ ತುಂಬ ಶಾಯಿ ಬಳಿದುಕೊಂಡು ಬರುತ್ತಿದ್ದವನಿಗೆ ಮಸಿ ಎಂದು ಹೆಸರಿಟ್ಟವಳು ಅವಳು. ಹೆಸರುಗಳು ಹಾಗೇ ಅಂಟಿಕೊಂಡವು.

ಆ ನಾಡಿನಲ್ಲಿ ನೆರಳಿಲ್ಲದವರು ಸೂರ್ಯ ಮುಳುಗಿದೊಡನೆ ಕರಗಿಹೋಗುತ್ತಾರೆ. ಕಿಡಿ ಎಂಬ ಹುಡುಗಿಯ ನೆರಳು ಕಳುವಾದಾಗ, ಅವಳ ಗೆಳೆಯ ಮಬ್ಬು ತನ್ನ ನೆರಳನ್ನೇ ಹರಿದು ಅರ್ಧ ಕೊಡುತ್ತಾನೆ. ಅರ್ಧ ನೆರಳಿನವರು ಒಂಟಿಯಾಗಿ ಸಂಜೆ ದಾಟಲಾರರು. ಹಾಗಾಗಿ ಇಬ್ಬರೂ ಜೊತೆಯಾಗಿಯೇ ಅಲೆಯುತ್ತಾರೆ, ಜಗಳವಾಡುತ್ತಾರೆ, ಒಬ್ಬರನ್ನೊಬ್ಬರು ಉಳಿಸಿಕೊಳ್ಳುತ್ತಾರೆ. ಮೊದಲ ಭಾಗ ಓದಿದ ಮಕ್ಕಳಿಗೆ ಈಗ ಮೀಸೆ ಚಿಗುರುತ್ತಿದೆ. ಅವರೆಲ್ಲ ಕಾಯುತ್ತಿರುವ ಕೊನೆಯ ಭಾಗ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು.

ಆ ಕೊನೆಯ ಭಾಗದ ಕೊನೆಯ ಪುಟದಲ್ಲಿ ಮಬ್ಬು ಉಳಿದರ್ಧ ನೆರಳನ್ನೂ ಕಿಡಿಗೆ ಕೊಟ್ಟು ಕರಗಿಹೋಗುತ್ತಾನೆ.

"ಶುರು ಮಾಡಿದ್ದು ನೀನು," ಎಂದಳು ಗಿಣಿ. "ನೀನು ಮಾಡಿದ್ದನ್ನೇ ನಾನು ಬರೆದೆ."

ಮಸಿಯ ಮುಖ ಬಿಳಿಚಿಕೊಂಡಿತು.

"ಅಂದ್ರೆ... ನಿನಗೆ ಗೊತ್ತಾಗಿದೆ."

"ಗೊತ್ತಾಗದೇ ಇರುತ್ತಾ? ನನಗೇನು ಕಣ್ಣಿಲ್ವಾ?"

ಅವನು ಜೇಬಿನೊಳಗಿನ ಕೈಯನ್ನು ಇನ್ನಷ್ಟು ಒಳಗೆ ತಳ್ಳಿಕೊಂಡ. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿದ.

"ಹಾಗೇ ಅಚ್ಚಾಗ್ಲಿ ಬಿಡಿ, ಚಿಕ್ಕಮ್ಮ. ಅವಳು ಬರೆದಿದ್ದು ಸರಿಯಾಗೇ ಇದೆ. ಇನ್ಮೇಲೆ ನಾನು ಯಾರಿಗೂ ಚಿತ್ರ ಬರೆಯಲ್ಲ."

ಮೆಟ್ಟಿಲಿಳಿಯುವ ಸದ್ದು ನಿಧಾನಕ್ಕೆ ಕೆಳಗೆ ಹೋಯಿತು. ಹೋಗಲಿ ಬಿಡು, ಎಂದುಕೊಂಡಳು ಗಿಣಿ. ಹಾಗೆಂದುಕೊಂಡವಳ ಕಣ್ಣಿನಿಂದ ನೀರು ದಳದಳ ಇಳಿಯಿತು.

*

ಇವರಿಬ್ಬರ ಕೆಲಸದ ರೀತಿಯೇ ವಿಚಿತ್ರ. ಬೇರೆಯವರಲ್ಲಿ ಕಥೆ ಮೊದಲು, ಚಿತ್ರ ಆಮೇಲೆ. ಇವರದು ತಿರುಗಾಮುರುಗಾ. ಮೊದಲು ಮಸಿ ಚಿತ್ರ ಬರೆಯಬೇಕು, ಅದನ್ನು ನೋಡಿಕೊಂಡು ಗಿಣಿ ಅಧ್ಯಾಯ ಬರೆಯಬೇಕು. ನಡುವೆ ಇಬ್ಬರೂ ಕಥೆಯ ಬಗ್ಗೆ ತುಟಿ ಬಿಚ್ಚಬಾರದು. ಚಿತ್ರದಲ್ಲಿ ಇರುವುದು ಕಥೆಯಲ್ಲಿ ಇರಲೇಬೇಕು, ಚಿತ್ರದಲ್ಲಿ ಇಲ್ಲದ್ದು ಕಥೆಗೆ ಬರಕೂಡದು. ಶಾಲೆಯ ಹಿಂದಿನ ಬೆಂಚಿನಲ್ಲಿ ಮಾಡಿಕೊಂಡ ಕರಾರು ಅದು.

ಪ್ರತಿ ಸಲವೂ ಅವನೇ ಚಿತ್ರ ತಂದುಕೊಡುತ್ತಿದ್ದ. ಕಾಫಿ ಅಂಗಡಿಯ ಮೂಲೆಯ ಮೇಜು. ಅವಳು ಹಾಳೆ ಬಿಡಿಸಿ ನೋಡುವಾಗ ಅವನು ಅವಳ ಮುಖವನ್ನೇ ನೋಡುತ್ತಿದ್ದ.

ಕೊನೆಯ ಸಲ ಭೇಟಿಯಾದಾಗ ಗಿಣಿ ಧೈರ್ಯ ಮಾಡಿದ್ದಳು. ಇವತ್ತು ಹೇಳಿಯೇ ಬಿಡಬೇಕು... ಇನ್ನೆಷ್ಟು ವರ್ಷ ಗೆಳತಿ ಗೆಳತಿ ಎನ್ನಿಸಿಕೊಂಡಿರುವುದು! ಬಾಯಿಗೆ ಮಾತು ಬರಲಿಲ್ಲ. ಮೇಜಿನ ಮೇಲಿದ್ದ ಅವನ ಬಲಗೈಯ ಮೇಲೆ ಮೆಲ್ಲನೆ ಕೈಯಿಟ್ಟಳು.

ಕೆಂಡ ತಾಗಿದವನ ಹಾಗೆ ಅವನು ಕೈ ಎಳೆದುಕೊಂಡ!

"ಕೆಲಸ ಇದೆ," ಎಂದು ಎದ್ದು ಹೋದ. ಆಮೇಲೆ ಫೋನ್ ಇಲ್ಲ, ಭೇಟಿ ಇಲ್ಲ. ಉಳಿದ ಚಿತ್ರಗಳೆಲ್ಲ ಚಿಕ್ಕಮ್ಮನ ಮೂಲಕ ಬಂದವು. ಕಟ್ಟಕಡೆಗೆ ಬಂತು ಕೊನೆಯ ಚಿತ್ರ. ಸೂರ್ಯ ಮುಳುಗುವ ಬಾಗಿಲ ಮುಂದೆ ಕಿಡಿ ಒಬ್ಬಳೇ ನಿಂತಿದ್ದಳು. ಪಕ್ಕದಲ್ಲಿ ಬರೀ ಖಾಲಿ ಜಾಗ.

ಗಿಣಿ ಆ ಖಾಲಿ ಜಾಗವನ್ನು ತುಂಬ ಹೊತ್ತು ನೋಡಿದ್ದಳು. ಇದು ನನಗೆ ಅವನು ಕೊಟ್ಟ ಉತ್ತರ... ಬಾಯಿ ಬಿಟ್ಟು ಹೇಳಲಾರದೆ ಹೀಗೆ ಹೇಳಿದ್ದಾನೆ.

ಕರಾರು ಕರಾರೇ. ಚಿತ್ರದಲ್ಲಿ ಇಲ್ಲದವನನ್ನು ಕಥೆಯಲ್ಲಿ ಬದುಕಿಸುವುದು ಹೇಗೆ? ಅತ್ತುಕೊಂಡೇ ಮಬ್ಬುವನ್ನು ಕರಗಿಸಿದಳು.

*

"ಅಳು, ಅಳು. ಅತ್ತು ಮುಗಿದ ಮೇಲೆ ಇದನ್ನ ಅಚ್ಚುಕೂಟಕ್ಕೆ ಕಳಿಸೋಕೆ ಕಟ್ಟಿಡು," ಎನ್ನುತ್ತ ಚಿಕ್ಕಮ್ಮ ಬೀರುವಿನಿಂದ ದೊಡ್ಡ ಲಕೋಟೆಯನ್ನು ತೆಗೆದು ಮುಂದಿಟ್ಟಳು. ಮೂಲ ಚಿತ್ರಗಳು. "ಮುಖಪುಟದ ಬಣ್ಣಕ್ಕೆ ಬೇಕಂತೆ."

ಗಿಣಿ ಮೂಗು ಒರೆಸಿಕೊಂಡು ಹಾಳೆಗಳನ್ನು ಜೋಡಿಸತೊಡಗಿದಳು. ಎಲ್ಲಕ್ಕಿಂತ ಕೆಳಗೆ ಕೊನೆಯ ಚಿತ್ರವಿತ್ತು. ನೋಡಬಾರದು ಎಂದುಕೊಂಡೇ ನೋಡಿದಳು.

ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಕಿಡಿಯ ಪಕ್ಕದಲ್ಲಿ ಮಬ್ಬು ಇದ್ದ!

ತಿಳಿನೀಲಿ ಪೆನ್ಸಿಲ್ಲಿನಲ್ಲಿ ಇದ್ದ. ಕೆದರಿದ ಕೂದಲು, ದೊಡ್ಡ ಕಿವಿ, ಹರಿದ ತೋಳು, ಎಲ್ಲವೂ. ಕಿಡಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ನಗುತ್ತಿದ್ದ.

"ಚಿಕ್ಕಮ್ಮಾ... ಇದು ನನಗೆ ಬಂದಾಗ ಇವನು ಇರಲಿಲ್ಲ!"

"ಯಾರು ಇರಲಿಲ್ಲ? ನಾನೇ ಸ್ಕ್ಯಾನ್ ಮಾಡಿ ಕಳಿಸಿದ್ನಲ್ಲ ನಿನಗೆ." ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ನೋಡಿದವಳ ಕೈ ತಾನಾಗಿ ಬಾಯಿಗೆ ಹೋಯಿತು. "ಅಯ್ಯೋ ನನ್ನ ಬುದ್ಧಿಗಿಷ್ಟು!"

ಚಿತ್ರಗಾರರು ಕರಡನ್ನು ತಿಳಿನೀಲಿಯಲ್ಲಿ ಗೀಚಿ ಅದರ ಮೇಲೆ ಕಪ್ಪು ಶಾಯಿ ಎಳೆಯುತ್ತಾರೆ. ಅಚ್ಚಿನಲ್ಲಿ ಕರಡು ಕಾಣಬಾರದೆಂದು ಚಿಕ್ಕಮ್ಮನ ಸ್ಕ್ಯಾನರು ನೀಲಿಯನ್ನು ಬಿಟ್ಟು ಕಪ್ಪನ್ನಷ್ಟೇ ಹಿಡಿಯುತ್ತಿತ್ತು. ಕಿಡಿಗೆ ಶಾಯಿ ಬಿದ್ದಿತ್ತು, ಉಳಿದಳು. ಮಬ್ಬುವಿಗೆ ಬಿದ್ದಿರಲಿಲ್ಲ.

"ಮೂಲ ಚಿತ್ರವನ್ನೇ ಅವಳ ಕೈಗೆ ಕೊಡಿ ಅಂದಿದ್ದ ಕಣೇ ಅವನು. ನಾನೇ ಅವಸರಕ್ಕೆ ಬಿದ್ದು, ಎಂದಿನ ಹಾಗೆ ಸ್ಕ್ಯಾನ್ ಒತ್ತಿ ಕಳಿಸಿಬಿಟ್ಟೆ..."

ಆದರೆ ಶಾಯಿ ಯಾಕೆ ಹಾಕಲಿಲ್ಲ? ಗಿಣಿ ಹಾಳೆಯನ್ನು ಕಿಟಕಿಯ ಮಂಕು ಬೆಳಕಿಗೆ ಹಿಡಿದಳು. ಮಬ್ಬುವಿನ ಹೆಗಲ ಮೇಲೆ ಬಿಳಿ ಬಣ್ಣ ದಪ್ಪಗೆ ಮೆತ್ತಿತ್ತು. ಅದರ ಅಡಿಯಲ್ಲಿ ಕಪ್ಪು ಗೆರೆ. ಎಳೆದು, ಅಳಿಸಿ, ಮತ್ತೆ ಎಳೆದು, ಮತ್ತೆ ಅಳಿಸಿದ ಗೆರೆ. ಒಂದೂ ನೇರವಾಗಿರಲಿಲ್ಲ. ಎಲ್ಲವೂ ನಡುಗಿ ನಡುಗಿ ದಾರಿ ತಪ್ಪಿದ್ದವು.

ಎಳೆದುಕೊಂಡ ಕೈ. ಜೇಬಿನೊಳಗಿನ ಕೈ. ಇನ್ನು ಚಿತ್ರ ಬರೆಯಲ್ಲ ಎಂದ ಮಾತು. ಎಲ್ಲ ಗಿಣಿಗೆ ಒಟ್ಟಿಗೇ ಅರ್ಥವಾಯಿತು.

ದೇವರೇ... ಅವನಿಗೆ ನಾನು ಏನಂದೆ? ನನಗೇನು ಕಣ್ಣಿಲ್ವಾ ಅಂದೆ!

"ಬೆಳಿಗ್ಗೆ ತನಕ ಅಚ್ಚುಕೂಟದವರನ್ನ ತಡೀತೀನಿ. ಅದಕ್ಕಿಂತ ಆಚೆ ನನ್ನ ಕೈಲಾಗಲ್ಲ," ಎಂದಳು ಚಿಕ್ಕಮ್ಮ. "ನಿಂತು ನೋಡ್ತೀಯಲ್ಲೇ, ಓಡು!"

*

ಮಸಿಯ ಮನೆ ಬಟ್ಟೆ ಅಂಗಡಿಯೊಂದರ ಮೇಲೆ. ಬಾಗಿಲು ತೆಗೆದ ಅವನ ಅಮ್ಮನ ಕೊರಳಲ್ಲಿ ಹೊಲಿಗೆಯ ಟೇಪು ನೇತಾಡುತ್ತಿತ್ತು.

"ಬಂದ್ಯಾ ತಾಯಿ? ಕುಂಚಗಳನ್ನೆಲ್ಲ ಮೂಟೆ ಕಟ್ತಿದಾನೆ, ಯಾರಿಗೋ ಕೊಟ್ಟುಬಿಡ್ತಾನಂತೆ. ನಾನು ಕೇಳಿದ್ರೆ ಸಿಡುಕ್ತಾನೆ. ನೀನಾದ್ರೂ ಕೇಳು."

ಒಳಗಿನ ಕೋಣೆಯಲ್ಲಿ ಅವನು ನೆಲದ ಮೇಲೆ ಕೂತಿದ್ದ. ಕಟ್ಟಿನ ಗಂಟು ಬೀಳುತ್ತಿರಲಿಲ್ಲ. ದಾರದ ತುದಿ ಬೆರಳುಗಳಿಂದ ಮತ್ತೆ ಮತ್ತೆ ಜಾರುತ್ತಿತ್ತು. ಅವಳನ್ನು ಕಂಡದ್ದೇ ಕೈಯನ್ನು ಬೆನ್ನ ಹಿಂದೆ ಒಯ್ದ.

"ಮುಚ್ಚಿಡಬೇಡ," ಎಂದಳು ಗಿಣಿ. "ನೋಡಿಯಾಯ್ತು."

"ಕನಿಕರ ತೋರಿಸೋಕೆ ಬಂದ್ಯಾ?"

"ಜಗಳ ಆಡೋಕೆ ಬಂದೆ!" ಅವಳು ಹಾಳೆಯನ್ನು ಅವನ ಮುಂದೆ ಹಿಡಿದಳು. "ಈ ನೀಲಿ ಹುಡುಗ ನನ್ನ ಕಣ್ಣಿಗೆ ಬಿದ್ದಿದ್ದು ಇವತ್ತು. ಈಗ. ಚಿಕ್ಕಮ್ಮ ಕಳಿಸಿದ ಸ್ಕ್ಯಾನಿನಲ್ಲಿ ಕಿಡಿ ಒಬ್ಬಳೇ ಇದ್ದಳು. ನೀನು ಅವನನ್ನ ತೆಗೆದುಹಾಕಿದೀಯ ಅಂದ್ಕೊಂಡೆ. ನನ್ನನ್ನ ಬಿಟ್ಟು ಹೋದೆ ಅಂದ್ಕೊಂಡೆ ಕಣೋ..."

ಮಸಿ ಹಾಳೆಯನ್ನೊಮ್ಮೆ ಅವಳನ್ನೊಮ್ಮೆ ನೋಡಿದ.

"ನಾನು... ನಿನಗೆ ಎಲ್ಲ ಗೊತ್ತಾಗಿದೆ ಅಂದ್ಕೊಂಡೆ. ಕೈಲಾಗದವನು ಅಂತ ಗೊತ್ತಾಗಿ, ಕಥೆಯಿಂದಲೂ ಕಳಿಸಿಬಿಟ್ಟೆ ಅಂದ್ಕೊಂಡೆ."

"ಇಷ್ಟೇನಾ ನೀನು ನನ್ನ ತಿಳ್ಕೊಂಡಿದ್ದು?"

"ನೀನು ನನ್ನ ತಿಳ್ಕೊಂಡಿದ್ದೂ ಅಷ್ಟೇ ಅಲ್ವಾ?"

ಗಿಣಿ ಅವನೆದುರು ನೆಲದ ಮೇಲೆ ಕೂತಳು. ಆಚೆ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಅಮ್ಮ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದರು ಎಂದು ಬೇರೆ ಹೇಳಬೇಕಿಲ್ಲ.

"ಡಾಕ್ಟರು ಏನಂದ್ರು?"

"ನರದ ತೊಂದರೆ. ಮಾತ್ರೆ ತಗೊಂಡ್ರೆ ನಿಧಾನಕ್ಕೆ ಹೆಚ್ಚಾಗುತ್ತಂತೆ. ತಗೊಳ್ಳದಿದ್ರೆ ಬೇಗ." ಅವನು ನಗಲು ನೋಡಿದ, ನಗು ಬರಲಿಲ್ಲ. "ವಾಸಿಯಾಗಲ್ವಂತೆ ಗಿಣಿ. ನಿನಗೆ ಬೇಕಾಗಿದ್ದ ಕೈಯೇ ಹೋಯ್ತು. ಇನ್ನು ನಾನ್ಯಾಕೆ?"

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಚಿತ್ರಗಾರ ಬೇಕಿದ್ರೆ ಚಿಕ್ಕಮ್ಮ ನಾಳೆನೇ ಸಾಲು ನಿಲ್ಲಿಸ್ತಾಳೆ! ಕಾಫಿ ಅಂಗಡಿಯಲ್ಲಿ ನಿನ್ನ ಕೈ ಹಿಡಿದೆನಲ್ಲ, ಅದು ಚಿತ್ರ ಬರೆಸೋಕಾ? ನಿನ್ನ ಮೇಲೆ ಪ್ರೀತಿ ಇತ್ತು ಕಣೋ, ಪೆದ್ದ! ಇತ್ತು ಅಲ್ಲ, ಇದೆ. ಬೆಂಚಿನ ಕಾಲದಿಂದ ಇದೆ. ಹೇಳೋಕೆ ಬಾಯಿ ಬರಲಿಲ್ಲ ಅಷ್ಟೇ."

"ಗಿಣಿಗೆ ಬಾಯಿ ಬರಲಿಲ್ವಾ!"

"ನಗಬೇಡ... ಅಳು ಬರ್ತಿದೆ ನನಗೆ."

ಅವನು ನಗಲಿಲ್ಲ. ಬೆನ್ನ ಹಿಂದಿನ ಕೈಯನ್ನು ಮೆಲ್ಲನೆ ಮುಂದೆ ತಂದು ಅವಳ ಅಂಗೈಯಲ್ಲಿಟ್ಟ. ಅದು ಅವಳ ಕೈಯೊಳಗೂ ನಡುಗುತ್ತಲೇ ಇತ್ತು. ಪ್ರೀತಿಯಿಂದ ಹಿಡಿದ ಮಾತ್ರಕ್ಕೆ ನಿಂತುಬಿಡುವ ನಡುಕವಲ್ಲ ಅದು. ಗಿಣಿ ಬಿಡಲಿಲ್ಲ.

"ಆವತ್ತು ಎಳ್ಕೊಂಡಿದ್ದು, ಇದು ಗೊತ್ತಾಗಬಾರದು ಅಂತ," ಎಂದ. "ಬೇರೆ ಯಾವ ಕಾರಣಕ್ಕೂ ನಾನು ನಿನ್ನ ಕೈ ಬಿಡೋನಲ್ಲ."

ಹೊತ್ತು ಇಳಿಯುತ್ತಿತ್ತು. ಗಿಣಿ ಕಣ್ಣೊರೆಸಿಕೊಂಡು ಮೂಟೆಯಿಂದ ಒಂದು ಕುಂಚ ಎಳೆದಳು, ಶಾಯಿಯ ಬಾಟಲಿಯ ಮುಚ್ಚಳ ತಿರುಗಿಸಿದಳು.

"ಬರಿ."

"ಹುಚ್ಚಾ ನಿನಗೆ? ಹಾಳಾಗುತ್ತೆ ಕಣೇ!"

"ಚಿತ್ರದಲ್ಲಿ ಇದ್ದರೆ ಕಥೆಯಲ್ಲಿ ಇರ್ತಾನೆ. ಅವನು ಉಳಿಯೋದು ಈಗ ನಿನ್ನ ಕೈಲಿದೆ."

"ಈ ಕೈಲಾ?"

"ಈ ಕೈಲೇ."

ಅವಳು ಅವನ ಕೈ ಹಿಡಿದು ಬರೆಸಲಿಲ್ಲ. ಹಾಳೆ ಜಾರದಂತೆ ಅದರ ಅಂಚನ್ನಷ್ಟೇ ಹಿಡಿದು ಕೂತಳು. ಮೊದಲ ಗೆರೆ ಹೆಗಲಿನ ಹತ್ತಿರವೇ ಹೊಯ್ದಾಡಿತು. ಅವನು ಬಿಳಿ ಬಣ್ಣದ ಕಡೆ ಕೈ ಚಾಚಿದ. ಅವಳು ಡಬ್ಬಿಯನ್ನು ದೂರ ಸರಿಸಿದಳು.

ಮುಖ ಬರೆಯುವಾಗ ಅವನ ಹಣೆಯಲ್ಲಿ ಬೆವರಿಳಿಯಿತು. ನಿಲ್ಲಿಸಿದ, ಉಸಿರೆಳೆದುಕೊಂಡ, ಮತ್ತೆ ಬರೆದ. ಗಿಣಿ ಅಮ್ಮನ ಹೊಲಿಗೆ ಮೇಜಿಗೆ ಹೋಗಿ ಹೊಸ ಕೊನೆಯನ್ನು ಬರೆಯಲು ಕೂತಳು. ಸಾಲುಸಾಲಿಗೂ ಎದ್ದು ಬಂದು ಚಿತ್ರ ನೋಡಿಕೊಂಡು ಹೋದಳು.

*ಉಳಿದರ್ಧ ನೆರಳನ್ನೂ ಕಿಡಿಗೆ ಕೊಟ್ಟು ಹೋಗಿದ್ದ ಮಬ್ಬು, ಸೂರ್ಯ ಮುಳುಗುವ ಮುನ್ನ ಬಾಗಿಲಿನ ಆಚೆಯಿಂದ ಮತ್ತೆ ಬಂದ. ಹೋಗುವಾಗ ಇದ್ದ ಹಾಗೆ ಬರಲಿಲ್ಲ. ಅವನ ಅಂಚುಗಳೆಲ್ಲ ಅಲುಗುತ್ತಿದ್ದವು. ಕಾಲಬುಡದಲ್ಲಿ ನೆರಳಿನ ಚೂರೂ ಉಳಿದಿರಲಿಲ್ಲ.*

*"ನಿನಗೆ ಕೊಡೋಕೆ ನನ್ನ ಹತ್ತಿರ ಇನ್ನೇನೂ ಇಲ್ಲ," ಎಂದ.*

*"ನಾನು ಕೇಳಿದೆನಾ?" ಎಂದಳು ಕಿಡಿ. ತನ್ನ ನೆರಳನ್ನು ನಟ್ಟನಡುವೆ ಹರಿದು, ಅರ್ಧವನ್ನು ಅವನ ಹೆಗಲಿಗೆ ಹೊದಿಸಿದಳು. ಸೂರ್ಯ ಮುಳುಗಿದ. ಇಬ್ಬರೂ ಅಲ್ಲೇ ಇದ್ದರು.*

ಸಂಜೆ ಚಿಕ್ಕಮ್ಮನ ಫೋನು ಬಂತು. "ಬದುಕಿದ್ನಾ?"

"ಬದುಕಿದ, ಚಿಕ್ಕಮ್ಮ. ಫೋಟೋ ಕಳಿಸಿದೀನಿ ನೋಡು."

"ಗೆರೆಗಳು ನಡುಗ್ತಿವೆಯಲ್ಲೇ... ಹಾಗೇ ಅಚ್ಚಾಗ್ಲಾ?"

"ಹಾಗೇ ಆಗ್ಲಿ."

*

ಅಮ್ಮ ದೀಪ ಹಚ್ಚಿ, ತರಕಾರಿ ತರುವ ನೆಪದಲ್ಲಿ ಕೆಳಗಿಳಿದು ಹೋದರು. ಕಿಟಕಿಯಾಚೆ ಬೀದಿ ಬೂದು ಬಣ್ಣಕ್ಕೆ ತಿರುಗಿತ್ತು. ಚಿತ್ರ ಒಣಗುತ್ತಿತ್ತು.

"ಇದೇ ಕೊನೆ ಪುಸ್ತಕ," ಎಂದ ಮಸಿ. "ಇನ್ನೊಂದು ಬರೆಯೋಕೆ ನನ್ನಿಂದ ಆಗಲ್ಲ. ಸುಳ್ಳು ಆಸೆ ಇಟ್ಕೋಬೇಡ."

"ಇಲ್ಲ. ಇಟ್ಕೊಳಲ್ಲ." ಅದೊಂದು ದುಃಖ ಅವಳಿಗೆ ಇದ್ದೇ ಇತ್ತು, ಇರುತ್ತದೆ. "ಮದುವೆ ಆಗ್ತೀಯಾ ನನ್ನ?"

ಅವನು ಬೆಚ್ಚಿ ತಿರುಗಿದ. "ಯೋಚನೆ ಮಾಡಿದೀಯಾ? ಮುಂದೆ ಗುಂಡಿ ಹಾಕ್ಕೊಳ್ಳೋಕೂ ಬರಲ್ಲ ನನಗೆ. ದಿನಾ ಕಾಫಿ ಚೆಲ್ತೀನಿ."

"ಒರೆಸ್ತೀನಿ."

"ಒಂದಿನ ನಿನಗೆ ಬೇಜಾರಾಗುತ್ತೆ, ಗಿಣಿ."

"ಆಗುತ್ತೆ. ಆವತ್ತು ಬೈತೀನಿ."

"ಬೈದು?"

"ಬೈದು ಒರೆಸ್ತೀನಿ. ಆಮೇಲೆ ಇನ್ನೊಂದು ಲೋಟ ಮಾಡಿ ಕೊಡ್ತೀನಿ."

ಮಸಿ ಅವಳ ಹೆಗಲಿಗೆ ಹಣೆಯೊತ್ತಿ ಅತ್ತುಬಿಟ್ಟ. ಬಹಳ ಹೊತ್ತಾದ ಮೇಲೆ, ಮುಖ ಎತ್ತದೆಯೇ ಕೇಳಿದ.

"ಸಕ್ಕರೆ ಕಮ್ಮಿ ಹಾಕ್ತೀಯಾ?"

"ಹಾಕ್ತೀನಿ ಕಣೋ," ಎಂದಳು ಗಿಣಿ.