ಹುಳುಮನೆಯಲ್ಲಿ ಸಿಕ್ಕ ಸೀಸೆ

ಮಾರ್ಚ್ ಹನ್ನೆರಡರ ಬೆಳಗ್ಗೆ ಶಿಡ್ಲಘಟ್ಟ ಕಡೆಯ ಠಾಣೆಗೆ ವರಲಕ್ಷ್ಮಿ ಗೋಡೆ ಹಿಡಿದುಕೊಂಡು ಬಂದು ದೂರು ಕೊಟ್ಟಳು. ಕಳುವಾದ ವಸ್ತು: ಗಾಂಜಾ ಸಾರದ ಎಣ್ಣೆ, ಒಂದು ಸೀಸೆ. ಹೆಡ್ ಕಾನ್‌ಸ್ಟೇಬಲ್ ಕೋನಪ್ಪನ ಮೀಸೆ ನೆಟ್ಟಗಾಯಿತು.

"ಮೇಡಂ, ಇವರನ್ನೇ ಒಳಗಾಕಣ. ತಾವಾಗೇ ಬಂದು ಸಿಕ್ಕವ್ರೆ!"

ಪಿಎಸ್‌ಐ ಭಾನುಪ್ರಿಯಾ ವೈದ್ಯರ ಚೀಟಿ ನೋಡಿದರು. ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಕಾಯಿಲೆ. ಬೇರೆ ಮಾತ್ರೆಗಳು ಸೋತ ಮೇಲೆ ಬರೆದುಕೊಟ್ಟ, ಪರವಾನಗಿ ಇರುವ ಔಷಧ.

"ಕಾಲಿಗೆ ಕೆಂಡ ಸುರಿದಂಗೆ ಉರಿ ಮೇಡಂ," ಎಂದಳು ವರಲಕ್ಷ್ಮಿ. "ಎರಡು ರಾತ್ರಿ ನಿದ್ದೆಯಿಲ್ಲ. ಹೊಸದು ಬರಕ್ಕೆ ವಾರ ಆಗುತ್ತೆ."

"ಎಫ್‌ಐಆರ್ ಆಮೇಲೆ. ಮೊದಲು ಸೀಸೆ ಹುಡುಕಣ," ಎಂದು ಭಾನುಪ್ರಿಯಾ ಎದ್ದರು.

ಮಧ್ಯಾಹ್ನ ವರಲಕ್ಷ್ಮಿಯ ಮನೆ ತಪಾಸಣೆ. ಅತ್ತೆ ಮುನಿಗಂಗಮ್ಮ ದೇವರ ಕೋಣೆಯನ್ನೂ ತೆರೆದು ತೋರಿಸಿದರು. ಅಕ್ಕಿ ಡ್ರಮ್ಮಿಗೆ ಕೈ ಹಾಕಿದ ಕೋನಪ್ಪನಿಗೆ ಚಕ್ಕುಲಿ ಸಿಕ್ಕಿತು. ಅದು ಪಂಚನಾಮೆಗೆ ಸೇರಲಿಲ್ಲ, ಹೊಟ್ಟೆಗೆ ಸೇರಿತು. ಹಿತ್ತಲಿನ ರೇಷ್ಮೆ ಹುಳುಮನೆಯ ಬಾಗಿಲಿಗೆ ಮಾತ್ರ ಮುನಿಗಂಗಮ್ಮ ಅಡ್ಡ ನಿಂತರು.

"ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ಹೊರಗಿನೋರು ಹೋಗಂಗಿಲ್ಲಮ್ಮ."

ಕೋನಪ್ಪ ಭಕ್ತಿಯಿಂದ ಹಿಂದೆ ಸರಿದ. ಆದರೆ ಭಾನುಪ್ರಿಯಾ ಹುಳು ಸಾಕಿದ ಮನೆಯ ಮಗಳೇ. ಜ್ವರವೆಂದರೆ ಹುಳು ಪೊರೆ ಬಿಡುವ ನಿದ್ದೆ. ಆಗ ಅದು ಎಲೆ ಮುಟ್ಟುವುದಿಲ್ಲ. ಬಾಗಿಲ ಪಕ್ಕದಲ್ಲೋ, ಆಗಷ್ಟೇ ಕೊಯ್ದು ತಂದ ಹಿಪ್ಪುನೇರಳೆ ಸೊಪ್ಪಿನ ಹೊರೆ.

"ಜ್ವರದ ಹುಳಕ್ಕೆ ಇಷ್ಟು ಸೊಪ್ಪು ಯಾಕಮ್ಮ?"

ಮುನಿಗಂಗಮ್ಮ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಪೊಲೀಸರಿಬ್ಬರೂ ಬೂಟು ಬಿಚ್ಚಿ, ಕಾಲು ತೊಳೆದು ಒಳಹೋದರು. ಹುಳುಗಳು ಗಬಗಬ ಮೇಯುತ್ತಿದ್ದವು. ಮೂಲೆಯಲ್ಲಿ, ಹಳೇ ಸೀರೆಯೊಳಗೆ ಸೀಸೆ.

ಮುನಿಗಂಗಮ್ಮ ಎರಡೂ ಕೈ ಚಾಚಿದರು. "ನನ್ನ ಕರ್ಕೊಂಡೋಗಿ. ಗಾಂಜಾ ಇರೋ ಮನೆಯೋರಿಗೆ ಹತ್ತು ವರ್ಷ ಜೈಲು ಅಂತ ಮೊನ್ನೆ ಬೀದೀಲಿ ಮೈಕಲ್ಲಿ ಕೂಗುದ್ರಲ್ಲ. ಆ ಕಾಲಿಟ್ಕೊಂಡು ಅವಳು ಜೈಲಲ್ಲಿ ಹೆಂಗಮ್ಮ ಇರ್ತಾಳೆ?"

"ಯಾರು ಕೂಗಿದ್ದು?"

ಮುನಿಗಂಗಮ್ಮ ಕೋನಪ್ಪನತ್ತ ನೋಡಿದರು. ಕೋನಪ್ಪ ಹುಳುಗಳನ್ನು ನೋಡಿದ.

"ಡಾಕ್ಟ್ರು ಬರೆದುಕೊಟ್ಟ ಔಷಧಿಗೆ ಜೈಲಿಲ್ಲಮ್ಮ."

ಚಾಚಿದ್ದ ಕೈಗಳು ಕೆಳಗಿಳಿದವು. "ಹಂಗಾದ್ರೆ ಎರಡು ರಾತ್ರಿ ಅವಳು ಹಲ್ಲು ಕಚ್ಕೊಂಡು ಅತ್ತಿದ್ದು ನನ್ನಿಂದಲಾ?"

ಭಾನುಪ್ರಿಯಾ ಸೀಸೆಯನ್ನು ಆಕೆಯ ಕೈಗೇ ಕೊಟ್ಟರು. ಬಂಧಿಸುವ ಮಾತು ಅಲ್ಲಿಗೆ ಮುಗಿಯಿತು. ಸೊಸೆಯ ಕೋಣೆಗೆ ಓಡಿದ ಮುನಿಗಂಗಮ್ಮ ಬಹಳ ಹೊತ್ತು ಹೊರಗೆ ಬರಲಿಲ್ಲ.

ಸಂಜೆ, ಭಾನುಪ್ರಿಯಾ ಅವರ ಆಜ್ಞೆಯಂತೆ, ಕೋನಪ್ಪ ಅದೇ ಮೈಕು ಹಿಡಿದು ಬೀದಿ ಬೀದಿಯಲ್ಲಿ ತಿದ್ದುಪಡಿ ಕೂಗುತ್ತ ಬಂದ. ಮುನಿಗಂಗಮ್ಮ ಬಾಗಿಲಿಗೆ ಬಂದು ಮೈಕಿಗೆ ಕೈ ಅಡ್ಡ ಹಿಡಿದರು.

"ಇಲ್ಲಿ ಮಾತ್ರ ಕೂಗಬೇಡಪ್ಪ. ಸೊಸೆ ಈಗ ತಾನೇ ನಿದ್ದೆ ಹೋದ್ಲು."