ಮುನ್ನೂರು ಮೀಟರಿನ ಆಚೆ

ಹನ್ನೊಂದನೇ ತಾರೀಖು ಬೆಳಿಗ್ಗೆ 10.20ಕ್ಕೆ ರಸ್ತೆ ಇಲಾಖೆಯ ತಜ್ಞರು ಠಾಣೆಗೆ ಬಂದು ದೂರು ಕೊಟ್ಟರು. ಕಳುವಾದದ್ದು ಒಂದು ಕಲ್ಲು. ಮೊಳಕಾಲೆತ್ತರದ, ಹಳದಿ ಬಣ್ಣದ ಕಲ್ಲು. ಮಕ್ಕಳು ಕಾಣೆಯಾದಾಗಲೂ ಆ ಠಾಣೆಗೆ ಇಷ್ಟು ಅಚ್ಚುಕಟ್ಟಾದ ದೂರು ಬಂದದ್ದಿಲ್ಲ. ಮೂರು ಪ್ರತಿ, ಜೊತೆಗೆ ಬಣ್ಣದ ನಕ್ಷೆ.

"ಏನಕ್ಕೆ ಬೇಕಾದ ಕಲ್ಲು ಅದು?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ನನ್ನ ಅಧ್ಯಯನದ ಗಡಿ. ಹೆದ್ದಾರಿ ಡಿವೈಡರಲ್ಲಿ ಜನ, ಗಾಡಿ ದಾಟ್ತಿದ್ದ ಒಂದು ಸಂದು ಮುಚ್ಚಿಸಿದ್ವಿ. ಅದರ ಎರಡೂ ಕಡೆ ನೂರೈವತ್ತು ಮೀಟರಿಗೆ ಒಂದೊಂದು ಕಲ್ಲು. ಮುಚ್ಚೋಕೆ ಮೊದಲು ವರ್ಷಕ್ಕೆ ಹನ್ನೊಂದು ಅಪಘಾತ. ಮುಚ್ಚಿದ ಮೇಲೆ ಸೊನ್ನೆ."

"ಒಳ್ಳೇದಾಯ್ತಲ್ಲ."

"ಈ ಸಲದ ಎಣಿಕೇಲಿ ಏಳು ಬಂದಿದೆ. ಯಾರೋ ಕಲ್ಲು ಕಿತ್ತು ನನ್ನ ದತ್ತಾಂಶ ಕೆಡಿಸಿದ್ದಾರೆ. ಸೋಮವಾರ ಇದೇ ವರದಿ ಮೇಲೆ ಇನ್ನೂ ಮೂರು ಸಂದು ಮುಚ್ಚಬೇಕು."

ಏಳು ಅಪಘಾತದ ಬಗ್ಗೆ ಆ ಮಹಾನುಭಾವರಿಗೆ ಬೇಸರವೇನೂ ಇರಲಿಲ್ಲ. ಏಳು ಎಂಬ ಅಂಕಿಯ ಬಗ್ಗೆ ಇತ್ತು. ಎಫ್‌ಐಆರ್ ದಾಖಲಾಯಿತು.

11.45ಕ್ಕೆ ಇನ್‌ಸ್ಪೆಕ್ಟರು ಒಬ್ಬ ಪೇದೆಯನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಎಡಗಡೆಯ ಕಲ್ಲು ಇತ್ತು, ಕುಡಿದವನ ಹಾಗೆ ವಾಲಿಕೊಂಡು. ಬಲಗಡೆ ಗುಂಡಿ ಮುಚ್ಚಿದ ಗುರುತು ಮಾತ್ರ. ಅಲ್ಲಿಂದ ಮುಂದೆ ನಡೆಯುತ್ತ ಹೋದರೆ, ಸರಿಯಾಗಿ ಆರುನೂರು ಮೀಟರಿಗೆ, ಯೂ ಟರ್ನ್ ದಾಟಿದ ಮೇಲೆ ಕಳುವಾದ ಕಲ್ಲು ನಿಂತಿತ್ತು. ಇಷ್ಟು ಹುಡುಕುವುದಕ್ಕೆ ತಜ್ಞರಿಗೆ ಕಾಲಿರಲಿಲ್ಲ, ಕಾರಿತ್ತು.

ಯೂ ಟರ್ನ್‌ನ ತುಂಬ ಒಡೆದ ಗಾಜು. ಪೇದೆ ಅದನ್ನು ಬೂಟಿನಿಂದ ಬದಿಗೆ ಸರಿಸಿದ.

"ಆ ಏಳರ ಪಂಚನಾಮೆನೂ ನಾನೇ ಬರ್ದಿದ್ದು ಮೇಡಂ. ಏಳೂ ಇಲ್ಲೇ. ಅಲ್ಲಿ ಮುಚ್ಚಿದ್ಮೇಲೆ ಎಲ್ರೂ ಇಲ್ಲಿಗೇ ಬಂದು ತಿರುಗಿಸ್ಕೋಬೇಕಲ್ಲ."

"ಮತ್ತೆ ಸೊನ್ನೆ ಹೇಗೆ ಬಂತು?"

"ಕಲ್ಲಿಂದ ಆಚೆ ಆದದ್ದು ಅವರ ಲೆಕ್ಕಕ್ಕಿಲ್ಲ."

ಇನ್‌ಸ್ಪೆಕ್ಟರು ಬಾಯಿಗೆ ಬಂದ ಬೈಗುಳ ನುಂಗಿಕೊಂಡರು. ದಾರಿಹೋಕರಿಬ್ಬರನ್ನು ಪಂಚರಾಗಿ ನಿಲ್ಲಿಸಿಕೊಂಡು ಕಲ್ಲಿನ ಬುಡ ಬಿಡಿಸಿ ನೋಡಿದರು. ಜಲ್ಲಿ ಪದರ ಪದರವಾಗಿ ಗುದ್ದಿ, ತೂಕದ ಗುಂಡಿನ ದಾರ ಹಿಡಿದು ನೆಟ್ಟಗೆ ನಿಲ್ಲಿಸಿದ ಕೆಲಸ. ಇಡೀ ಹೆದ್ದಾರಿಯಲ್ಲಿ ಇಲಾಖೆಯ ಕಲ್ಲೊಂದು ನೆಟ್ಟಗೆ ನಿಂತಿತ್ತು ಅಂದರೆ ಅದು ಇದೊಂದೇ. ಕದ್ದವನಿಗೆ ಇದ್ದ ಮರ್ಯಾದೆ ನೆಡಿಸಿದವರಿಗೆ ಇರಲಿಲ್ಲ.

1.10ಕ್ಕೆ ಅಪಘಾತ ಎಣಿಸುವ ಗುಮಾಸ್ತನ ವಿಚಾರಣೆ.

"ನಾನು ಕಲ್ಲಿಂದ ಕಲ್ಲಿಗೆ ನಡೀತೀನಿ. ನಡುವೆ ಆದದ್ದನ್ನ ಠಾಣೆ ಪುಸ್ತಕದಿಂದ ಬರ್ಕೊಳ್ತೀನಿ."

"ಮುನ್ನೂರು ಮೀಟರ್ ಇದ್ದದ್ದು ಒಂಬೈನೂರು ಆಗಿದೆ. ಗೊತ್ತಾಗ್ಲಿಲ್ವಾ?"

"ಕಾಲು ನೋಯ್ತು. ಅಳತೆ ನನ್ನ ಕೆಲ್ಸ ಅಲ್ಲ ಮೇಡಂ."

"ನಿಮ್ಮಲ್ಲಿ ಕಲ್ಲನ್ನ ನೆಟ್ಟಗೆ ನೆಡೋರು ಯಾರಿದ್ದಾರೆ?"

ಗುಮಾಸ್ತ ಯೋಚಿಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. "ಒಬ್ನೇ ಮೇಸ್ತ್ರಿ."

3.30ಕ್ಕೆ ಮೇಸ್ತ್ರಿ ಇಲಾಖೆಯ ಸಾಮಾನು ಶೆಡ್ಡಿನಲ್ಲಿ ಸೀಮೆಎಣ್ಣೆಯಲ್ಲಿ ಕುಂಚ ತೊಳೆಯುತ್ತಿದ್ದ. ಪೊಲೀಸರನ್ನು ಕಂಡು ಕೈ ಒರೆಸಿಕೊಂಡು ಎದ್ದ.

"ಕಲ್ಲು ಕಿತ್ತಿದ್ದು ನೀವಾ?"

"ಹೌದು. ಆಚೆ ನೆಟ್ಟಿದ್ದೂ ನಾನೇ."

"ಯಾಕೆ?"

"ಯೂ ಟರ್ನ್‌ನಲ್ಲಿ ನಾಲ್ಕನೇದು ನನ್ನ ಅಳಿಯ. ಸಾಹೇಬ್ರ ಹತ್ರ ಹೋದೆ. ವ್ಯಾಪ್ತಿಯಿಂದ ಹೊರಗೆ ಅಂದ್ರು. ಅವನ್ನ ಒಳಗೆ ತರಕ್ಕಾಗಲ್ಲ, ಕಲ್ಲನ್ನ ಆಚೆ ಹಾಕ್ಬೋದಲ್ಲ ಅನ್ನಿಸ್ತು."

"ಅವನು ಹೋಗಿ ಎಂಟು ತಿಂಗಳಾಯ್ತು. ಈಗ ಯಾಕೆ?"

"ಸೋಮವಾರ ಮುಚ್ಚೋದ್ರಲ್ಲಿ ನೂಲಿನ ಗಿರಣಿ ಮುಂದಿನದೂ ಇದೆ. ಮಗಳು ಅಲ್ಲಿ ಕೆಲ್ಸಕ್ಕೆ ಹೋಗ್ತಾಳೆ, ಸ್ಕೂಟರಲ್ಲಿ. ಅದು ಮುಚ್ಚಿದ್ರೆ ಅವಳೂ ಹಿಂಗೇ ಲಾರಿ ಎದುರು ತಿರುಗಿಸ್ಕೋಬೇಕು. ನನಗಿರೋದು ಅವಳೊಬ್ಳೇ."

4.15ಕ್ಕೆ ಬಂಧನ. ಕೈಗೆ ಬೇಡಿ ಹಾಕಲಿಲ್ಲ.

ತಜ್ಞರು ಸಂಜೆಯೇ ಹಾಜರಾದರು. ಕಲ್ಲನ್ನು ಹಳೇ ಜಾಗಕ್ಕೆ ನೆಡಿಸಬೇಕಂತೆ, ಮತ್ತೆ ಎಣಿಸಿ ಶನಿವಾರದೊಳಗೆ ಸೊನ್ನೆ ತೆಗೆಯಬೇಕಂತೆ.

"ಅದು ಜಪ್ತಿ ಮಾಲು," ಇನ್‌ಸ್ಪೆಕ್ಟರು ತಲೆ ಎತ್ತದೆ ಹೇಳಿದರು. "ಕೋರ್ಟು ಬಿಡೋವರೆಗೆ ಅಲ್ಲಾಡ್ಸೋ ಹಾಗಿಲ್ಲ. ಪಂಚನಾಮೇಲಿ ಏಳು ಅಪಘಾತದ ನಂಬರೂ ಬರ್ದಿದ್ದೀವಿ. ಒಂದು ಪ್ರತಿ ನಿಮ್ಮ ಮೇಲಿನವರಿಗೆ ಹೋಗಿದೆ."

"ಗಡಿ ಇಲ್ದೆ ವರದಿ ಕೊಡೋದು ಹೇಗೆ? ಸೋಮವಾರದ ಕೆಲ್ಸ?"

"ಅದು ನಮ್ಮ ವ್ಯಾಪ್ತಿಗೆ ಬರಲ್ಲ."

ತಜ್ಞರು ಮುಖ ಸಿಂಡರಿಸಿಕೊಂಡು ಹೋದರು. ಪೇದೆ ಕಾಗದದ ಮೇಲೆ ಪೆನ್ನು ಹಿಡಿದು ಕೂತಿದ್ದ.

"ಕೃತ್ಯದ ಉದ್ದೇಶ ಅಂತಿದೆ ಮೇಡಂ. ದತ್ತಾಂಶ ಕೆಡಿಸೋದು ಅಂತ ಬರೀಲಾ?"

"ಬೇಡ. ಮಗಳು ಸಂಜೆ ಮನೆಗೆ ಬರ್ಬೇಕು, ಅಂತ ಬರೀರಿ."