ಅರ್ಧ ಕತ್ತರಿಸಿದ ಮಾತ್ರೆ ಶೀಟು

ಸಖರಾಯಪಟ್ಟಣದ ಲಕ್ಕಣ್ಣ ಪೊಲೀಸ್ ಠಾಣೆಗೆ ಬಂದವನೇ ಎಸ್‌ಐ ಶ್ರುತಿಯ ಮೇಜಿನ ಮೇಲೆ ರಾಗಿ ಅಂಬಲಿಯ ತಂಬಿಗೆ ಇಟ್ಟ.

"ಸಾಕ್ಷಿ ಇದೇ ಮೇಡಂ. ಸೊಸೆ ಪ್ರತಿಮಾ ನಂಗೆ ಮದ್ದು ಹಾಕ್ತಾವ್ಳೆ. ಮೂರು ತಿಂಗ್ಳಲ್ಲಿ ಶುಗರ್ರು ನೂರೈದ್ರಿಂದ ನೂರೈವತ್ತಕ್ಕೆ ಏರೈತೆ. ಅಟ್ಟದ ಮ್ಯಾಲೆ ಕರೀ ಉಂಡೆ ಬಚ್ಚಿಟ್ಟವ್ಳೆ."

ಮಗ ಪರಮೇಶ ಆಗಲೇ ತೀರ್ಮಾನಿಸಿದ್ದ: ಸೋಮವಾರ ಹೆಂಡತಿಯನ್ನು ಹಿರೇನಲ್ಲೂರಿನ ತವರಿಗೆ ಬಿಟ್ಟು ಬರುವುದು.

*

ಶ್ರುತಿ ಮನೆಗೆ ಹೋದಾಗ ಪ್ರತಿಮಾ ಮಾವನಿಗೆ ಅಂಬಲಿ ತಂದಳು. ಕೊಡುವ ಮೊದಲು ತಾನೇ ಒಂದು ಗುಟುಕು ಕುಡಿದಳು.

"ದಿನಾ ಹಿಂಗೇನಾ?"

"ಹೂಂ ಮೇಡಂ. ಕುಡ್ದು ತೋರ್ಸಿದ್ರೇನೇ ಮುಟ್ಟೋದು."

ಶ್ರುತಿ ಅಟ್ಟದ ಉಂಡೆ ತರಿಸಿ ಮೂಸಿದಳು. ಬೆಲ್ಲ, ಮೆಂತ್ಯ, ಶುಂಠಿ. ಕರು ಹಾಕಿದ ಎಮ್ಮೆಗೆ ತಿನ್ನಿಸಲು ಕಟ್ಟಿದ್ದು. ಪಾಪ, ಎಮ್ಮೆಯ ಬಾಣಂತನ ಮಾಡಹೋಗಿ ಸೊಸೆ ಮಾಟಗಾತಿಯಾಗಿದ್ದಳು.

ಗೋಡೆಯ ಗೂಡಿನಲ್ಲಿ ಮಾತ್ರೆಯ ಶೀಟೊಂದಿತ್ತು. ಕತ್ತರಿಯಲ್ಲಿ ಅರ್ಧಕ್ಕೆ ಕತ್ತರಿಸಿದ್ದು.

"ಉಳಿದರ್ಧ ಎಲ್ಲಿ?"

"ತಮ್ಮ ದೇವರಾಜನ ಮನೇಲಿ," ಎಂದ ಲಕ್ಕಣ್ಣ. "ರಕ್ತದ ಕೊಬ್ಬಿಳ್ಸೋಕೆ ಡಾಕ್ಟ್ರು ಅವನಿಗೆ ಬರ್ಕೊಟ್ಟವ್ರೆ. ಒಂದೇ ಹೊಟ್ಟೇಲಿ ಹುಟ್ಟಿದೋರು, ಅವನಿಗಾದ್ದು ನಂಗೂ ಆಯ್ತದೆ ಅಂತ ನಾನೂ ನುಂಗ್ತೀನಿ."

"ಎಷ್ಟು ದಿನದಿಂದ?"

"ಮೂರು ತಿಂಗ್ಳು..." ಲಕ್ಕಣ್ಣ ಶೀಟಿನತ್ತ ನೋಡಿದ.

"ತಮ್ಮನ ಶುಗರ್?"

"ಏರಿಲ್ಲ."

ಶ್ರುತಿ ಅವನನ್ನು ಕಡೂರಿನ ಡಾಕ್ಟರ್ ವಿದ್ಯಾಶ್ರೀ ಬಳಿ ಕರೆದೊಯ್ದಳು. ಎರಡು ತಿಂಗಳು ಹೆಂಡತಿಯನ್ನು ಎಲ್ಲಿಗೂ ಕಳಿಸಕೂಡದೆಂದು ಪರಮೇಶನಿಗೆ ತಾಕೀತು ಮಾಡಿದಳು.

*

ಎರಡು ತಿಂಗಳಾಯಿತು. ಡಾಕ್ಟರ್ ಹೇಳಿದಂತೆ ಲಕ್ಕಣ್ಣ ಮಾತ್ರೆ ಬಿಟ್ಟಿದ್ದ, ಸೊಸೆಯ ಅಂಬಲಿ ಬಿಟ್ಟಿರಲಿಲ್ಲ. ಶುಗರ್ ನೂರಹತ್ತಕ್ಕೆ ಇಳಿದಿತ್ತು. ಅಂಬಲಿಯಲ್ಲಿ ರಾಗಿ, ಮಜ್ಜಿಗೆ, ಉಪ್ಪು ಬಿಟ್ಟು ಏನೂ ಇಲ್ಲವೆಂದು ಲ್ಯಾಬ್ ವರದಿಯೂ ಬಂದಿತ್ತು. ವಿದ್ಯಾಶ್ರೀ ಎಲ್ಲರನ್ನೂ ಕೂರಿಸಿ ವಿವರಿಸಿದರು.

"ರಕ್ತದ ಸಕ್ಕರೆಯನ್ನ ಹದದಲ್ಲಿಡೋದು ಇನ್ಸುಲಿನ್ ಅನ್ನೋ ಹಾರ್ಮೋನು. ಈ ಮಾತ್ರೆ ತಗೊಂಡ ಕೆಲವರ ಮೈ ಅದರ ಮಾತು ಕೇಳೋದು ಕಮ್ಮಿಯಾಗುತ್ತೆ. ಯಾರಿಗೆ ಅನ್ನೋದ್ರಲ್ಲಿ ಜೀನುಗಳ ಪಾತ್ರವೂ ಇದೆ. ಅಪ್ಪ ಅಮ್ಮ ಒಬ್ಬರೇ ಆದ್ರೂ ಮಕ್ಕಳಿಗೆ ಬರೋ ಪಾಲು ಬೇರೆ ಬೇರೆ. ದೇವರಾಜ ಅವರೇ, ನೀವು ಮಾತ್ರೆ ಬಿಡಬೇಡಿ. ನಿಮ್ಮ ಹೃದಯಕ್ಕೆ ಅದು ಬೇಕು."

ಶ್ರುತಿ ಅಣ್ಣತಮ್ಮಂದಿರನ್ನು ನೋಡಿದಳು. ಅದೇ ಮೂಗು, ಅದೇ ಅಗಲ ಹಣೆ. ಒಳಗೆ ಕಣ್ಣಿಗೆ ಕಾಣದ ಬರಹ ಮಾತ್ರ ಬೇರೆ. ಅಬ್ಬಾ, ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಆರೋಪಿಯನ್ನು ಅವಳು ಕಂಡಿರಲಿಲ್ಲ. 

"ಮದ್ದು ಹಾಕಿದ್ದು ನಿಜ ಯಜಮಾನ್ರೇ," ಎಂದಳು. "ಹಾಕಿದ ಕೈ ನಿಮ್ದೇ."

ಲಕ್ಕಣ್ಣ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

*

ಮರುದಿನ ಪ್ರತಿಮಾ ಅಂಬಲಿ ತಂದು, ಅಭ್ಯಾಸದಂತೆ ತಂಬಿಗೆಯನ್ನು ತನ್ನ ತುಟಿಗೆ ಒಯ್ದಳು. ಮಾವ ಕೈ ಚಾಚಿದ.

"ಬ್ಯಾಡ ಕಣವ್ವ. ಹಂಗೇ ಕೊಡು."